ಒಟ್ಟೊ ಸಾಲೊಮನ್: ಕೈಕೆಲಸವನ್ನು ಪಾಠವಾಗಿಸಿದ ಶಿಕ್ಷಕ

ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಕಾರ್ಯಾನುಭವಕ್ಕೆ ಒಂದು ಜಾಗವಿದೆ. ಆ ಅವಧಿಯನ್ನು ಯಾರು ತೆಗೆದುಕೊಳ್ಳಬೇಕು, ಮಕ್ಕಳಿಂದ ಏನು ಮಾಡಿಸಬೇಕು, ಮಾಡಿದ ವಸ್ತುವಿಗೆ ಅಂಕ ಕೊಡಬೇಕೋ ಮಾಡುವ ರೀತಿಗೆ ಕೊಡಬೇಕೋ ಎಂಬ ಪ್ರಶ್ನೆಗಳು ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಪ್ರತಿ ವರ್ಷವೂ ಎದುರಾಗುತ್ತವೆ. ವಿನ್ಯಾಸ ಮತ್ತು ತಂತ್ರಜ್ಞಾನವನ್ನು ಶಾಲಾ ವಿಷಯವಾಗಿ ಕಲಿಸುವ ದೇಶಗಳಲ್ಲಿಯೂ ಇವೇ ಪ್ರಶ್ನೆಗಳು ಬೇರೆ ಬೇರೆ ರೂಪದಲ್ಲಿ ಚರ್ಚೆಯಾಗುತ್ತಿವೆ. ಇವನ್ನು ನೂರೈವತ್ತು ವರ್ಷಗಳ ಹಿಂದೆಯೇ ಕ್ರಮವಾಗಿ ಕೇಳಿಕೊಂಡು, ತಮ್ಮ ಜೀವಮಾನವನ್ನೆಲ್ಲ ಅವುಗಳ ಉತ್ತರಕ್ಕಾಗಿ ವ್ಯಯಿಸಿದವರು ಸ್ವೀಡನ್ ದೇಶದ ಒಟ್ಟೊ ಸಾಲೊಮನ್. ಕೈಕೆಲಸದ ಶಿಕ್ಷಣವನ್ನು ಕುರಿತ ಪಠ್ಯಗಳಲ್ಲಿ ಸ್ಲಾಯ್ಡ್ ಪದ್ಧತಿ ಎಂಬ ಶೀರ್ಷಿಕೆಯ ಕೆಳಗೆ ಅವರ ಹೆಸರು ಬರುತ್ತದೆ. ಆ ಹೆಸರಿನ ಹಿಂದಿನ ಬದುಕನ್ನು ಮತ್ತು ಆ ಬದುಕು ಶಿಕ್ಷಕರಿಗೆ ಮುಂದಿಟ್ಟ ಕಠಿಣವಾದ ಬೇಡಿಕೆಯನ್ನು ಇಲ್ಲಿ ಪರಿಚಯಿಸಲಾಗಿದೆ.

ಹಿನ್ನೆಲೆ

ಸಾಲೊಮನ್ ಹುಟ್ಟಿದ್ದು 1849ರ ನವೆಂಬರ್ 1ರಂದು, ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರು ನಗರ ಗೋಥೆನ್‌ಬರ್ಗ್‌ನಲ್ಲಿ. ಅವರದು ಯಹೂದಿ ಕುಟುಂಬ. ಆ ಕಾಲದ ಸ್ವೀಡನ್ನಿನಲ್ಲಿ ಯಹೂದಿಗಳಿಗೆ ಪೂರ್ಣ ನಾಗರಿಕ ಹಕ್ಕುಗಳು ಇನ್ನೂ ದೊರೆತಿರಲಿಲ್ಲ. ಅವು ದೊರೆತದ್ದು 1870ರಲ್ಲಿ, ಸಾಲೊಮನ್ ಇಪ್ಪತ್ತರ ಹರೆಯದಲ್ಲಿದ್ದಾಗ. ಅವರ ಸೋದರಮಾವ ಆಗಸ್ಟ್ ಅಬ್ರಹಾಮ್‌ಸನ್ ಗೋಥೆನ್‌ಬರ್ಗ್‌ನ ದೊಡ್ಡ ವ್ಯಾಪಾರಿ. ವ್ಯಾಪಾರದಲ್ಲಿ ಸಾಕಷ್ಟು ಗಳಿಸಿದ ಆತ 1868ರಲ್ಲಿ ನಗರದಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ, ಸರೋವರದ ದಡದಲ್ಲಿದ್ದ ನೇಸ್ ಎಂಬ ಎಸ್ಟೇಟನ್ನು ಕೊಂಡರು. ಮರುವರ್ಷವೇ ಅವರ ಪತ್ನಿ, ಗಾಯಕಿಯಾಗಿದ್ದ ಯೂಫ್ರೊಸಿನ್, ತೀರಿಕೊಂಡರು. ಮಕ್ಕಳಿಲ್ಲದ ಆ ದೊಡ್ಡ ಮನೆಯಲ್ಲಿ ಮಾವನಿಗೆ ಜೊತೆಯಾದವರು ಸೋದರಳಿಯ ಒಟ್ಟೊ.

ಸಾಲೊಮನ್ ತಾಂತ್ರಿಕ ಶಿಕ್ಷಣಕ್ಕೆಂದು ಸ್ಟಾಕ್‌ಹೋಮ್‌ನ ತಂತ್ರಜ್ಞಾನ ಸಂಸ್ಥೆಗೆ ಸೇರಿದ್ದರು. ಆದರೆ ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು, ಎಸ್ಟೇಟಿನ ಆಡಳಿತದಲ್ಲಿ ಮಾವನಿಗೆ ನೆರವಾಗಲು ನೇಸ್‌ಗೆ ಬಂದರು. ಅಂದರೆ, ಮುಂದೆ ನಲವತ್ತು ದೇಶಗಳ ಆಸುಪಾಸಿನ ಶಿಕ್ಷಕರಿಗೆ ಕೈಕೆಲಸ ಕಲಿಸುವುದನ್ನು ಹೇಳಿಕೊಟ್ಟ ಈ ವ್ಯಕ್ತಿ ಕಸುಬಿನಿಂದ ಬಡಗಿಯಲ್ಲ, ಪದವಿ ಪಡೆದ ಎಂಜಿನಿಯರೂ ಅಲ್ಲ. ಬೋಧನೆಯನ್ನು ಅವರು ಕಲಿತದ್ದು ಬೋಧನೆಯ ಕೆಲಸಕ್ಕೆ ಇಳಿದ ಮೇಲೆಯೇ.

ಆ ದಿನಗಳಲ್ಲಿ ಸ್ವೀಡನ್ನಿನ ಹಳ್ಳಿಗಾಡು ಕಷ್ಟದಲ್ಲಿತ್ತು. 1860ರ ದಶಕದ ಕೊನೆಯ ವರ್ಷಗಳಲ್ಲಿ ಬೆಳೆ ಕೈಕೊಟ್ಟು ಕ್ಷಾಮ ಬಂದಿತ್ತು. ಜನ ಗುಂಪುಗುಂಪಾಗಿ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದರು. ದೀರ್ಘವಾದ ಚಳಿಗಾಲದಲ್ಲಿ ರೈತರ ಮನೆಮಂದಿ ಒಲೆಯ ಮುಂದೆ ಕುಳಿತು ಚಮಚ, ಸೌಟು, ಕೊಡಲಿ ಕಾವು, ಹಾಲಿನ ಪಾತ್ರೆ, ನೇಯ್ಗೆಯ ಲಾಳಿ ಮೊದಲಾದವನ್ನು ಮರದಲ್ಲಿ ಮಾಡಿಕೊಳ್ಳುವ ರೂಢಿಯಿತ್ತು. ಈ ಮನೆಗೆಲಸಕ್ಕೆ ಸ್ವೀಡಿಷ್ ಭಾಷೆಯಲ್ಲಿ ಸ್ಲಾಯ್ಡ್ ಎಂದು ಹೆಸರು. ಕೈಚಳಕವುಳ್ಳ ಎಂಬ ಅರ್ಥದ ಹಳೆಯ ಪದದಿಂದ ಬಂದ ಮಾತು ಅದು. ಕಾರ್ಖಾನೆಯ ಅಗ್ಗದ ಸರಕು ಬಂದಂತೆ ಈ ರೂಢಿ ಕಳಚಿಹೋಗುತ್ತಿತ್ತು. ಅದರೊಂದಿಗೆ ಹಳ್ಳಿಯ ಮಕ್ಕಳ ಕೈಯಿಂದ ಕೆಲಸವೂ ಮನಸ್ಸಿನಿಂದ ಕೆಲಸದ ಮೇಲಿನ ಗೌರವವೂ ಜಾರಿಹೋಗುತ್ತಿವೆ ಎಂಬ ಆತಂಕ ಹಲವರಲ್ಲಿತ್ತು.

ಕಸುಬಿನ ಶಾಲೆಯಿಂದ ಆರಂಭ

ಈ ಆತಂಕಕ್ಕೆ ಅಬ್ರಹಾಮ್‌ಸನ್ ಮತ್ತು ಸಾಲೊಮನ್ ಕಂಡುಕೊಂಡ ಮೊದಲ ಉತ್ತರ ಸರಳವಾಗಿತ್ತು: ಮಕ್ಕಳಿಗೆ ಕಸುಬು ಕಲಿಸುವುದು. 1872ರಲ್ಲಿ ನೇಸ್‌ನಲ್ಲಿ ಗಂಡುಮಕ್ಕಳಿಗೆ ಕೈಕೆಲಸದ ಶಾಲೆ ಆರಂಭವಾಯಿತು. ಎರಡು ವರ್ಷಗಳ ನಂತರ ಹೆಣ್ಣುಮಕ್ಕಳಿಗೂ ಒಂದು ಶಾಲೆ ಬಂದಿತು. ಇಂಥ ಶಾಲೆಗಳು ಬೇರೆಡೆಯೂ ಬೇಕು, ಅವುಗಳಿಗೆ ಕಲಿಸುವವರು ಬೇಕು ಎಂದಾದಾಗ ಕೈಕೆಲಸದ ಬೋಧಕರನ್ನು ತಯಾರು ಮಾಡುವ ದೀರ್ಘಾವಧಿಯ ತರಬೇತಿಯೂ ಅಲ್ಲೇ ಸೇರಿಕೊಂಡಿತು. ಅಲ್ಲಿಗೆ ಬರುತ್ತಿದ್ದವರಲ್ಲಿ ಕುಶಲಕರ್ಮಿಗಳಿದ್ದರು. ಅವರು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಸುಬು ಹೇಳಿಕೊಡಬೇಕೆಂಬುದು ಯೋಜನೆ.

ಈ ಯೋಜನೆಯಲ್ಲಿ ಉದ್ದೇಶ ಆರ್ಥಿಕವಾದದ್ದು. ಹುಡುಗನಿಗೆ ಹೊಟ್ಟೆಪಾಡಿನ ದಾರಿ ತೋರಿಸುವುದು, ಹಳ್ಳಿಯ ಮನೆಗೆ ನಾಲ್ಕು ಕಾಸು ಬರುವಂತೆ ಮಾಡುವುದು. ಇಂಥ ಶಾಲೆಯಲ್ಲಿ ಸಹಜವಾಗಿಯೇ ಬೆಲೆ ಬರುವುದು ಮಾಡಿದ ವಸ್ತುವಿಗೆ. ವಸ್ತು ಚೆನ್ನಾಗಿ ಬಂದರೆ ಪಾಠ ಚೆನ್ನಾಗಿ ನಡೆದಂತೆ. ಮಗು ತಪ್ಪು ಮಾಡುವಲ್ಲಿ ಕುಶಲಕರ್ಮಿ ಉಳಿಯನ್ನು ತಾನೇ ಕೈಗೆ ತೆಗೆದುಕೊಂಡು ಸರಿಪಡಿಸಿದರೆ ಯಾರಿಗೂ ಆಕ್ಷೇಪವಿಲ್ಲ. ಹಾಗಾದರೆ ಕಲಿತವರು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

1877ರ ಪ್ರವಾಸ

ಸಾಲೊಮನ್ ಅವರ ಚಿಂತನೆ ತಿರುಗಿದ್ದು 1877ರಲ್ಲಿ. ಆ ವರ್ಷ ಅವರು ಫಿನ್‌ಲ್ಯಾಂಡಿಗೆ ಹೋಗಿ ಯೂನೋ ಸಿಗ್ನೇಯಸ್ ಅವರನ್ನು ಭೇಟಿಯಾದರು. ಸಿಗ್ನೇಯಸ್ ಫಿನ್‌ಲ್ಯಾಂಡಿನ ಸಾರ್ವಜನಿಕ ಶಾಲೆಗಳಿಗೆ ಅಡಿಪಾಯ ಹಾಕಿದವರು. 1863ರಲ್ಲಿ ಯುವಾಸ್ಕುಲಾ ಪಟ್ಟಣದಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿದವರು. ಪೆಸ್ಟಲೋಜಿ ಮತ್ತು ಫ್ರೋಬೆಲ್ ಅವರ ಬರಹಗಳನ್ನು ಆಳವಾಗಿ ಓದಿಕೊಂಡಿದ್ದ ಅವರ ಪ್ರಯತ್ನದಿಂದ 1866ರ ಶಾಲಾ ಕಾನೂನು ಗ್ರಾಮೀಣ ಶಾಲೆಗಳ ಗಂಡುಮಕ್ಕಳಿಗೆ ಕೈಕೆಲಸವನ್ನು ಕಡ್ಡಾಯ ವಿಷಯವಾಗಿಸಿತ್ತು. ಕೈಕೆಲಸವನ್ನು ಹೀಗೆ ಶಾಲಾ ವಿಷಯವಾಗಿ ಕಾನೂನಿನಲ್ಲಿ ತಂದ ಮೊದಲ ದೇಶ ಫಿನ್‌ಲ್ಯಾಂಡ್.

ಸಿಗ್ನೇಯಸ್ ಅವರ ನಿಲುವು ಖಚಿತವಾಗಿತ್ತು. ಶಾಲೆಯ ಕೈಕೆಲಸಕ್ಕೂ ಕಸುಬಿನ ತರಬೇತಿಗೂ ಸಂಬಂಧ ಕಲ್ಪಿಸಬಾರದು. ಫ್ರೋಬೆಲ್ ಶಿಶುವಿಹಾರದಲ್ಲಿ ಆಟದ ವಸ್ತುಗಳಿಂದ ಏನನ್ನು ಸಾಧಿಸಲು ಹೊರಟರೋ ಅದನ್ನೇ ದೊಡ್ಡ ಮಕ್ಕಳಲ್ಲಿ ಮರ ಮತ್ತು ಉಪಕರಣಗಳಿಂದ ಮುಂದುವರಿಸಬೇಕು. ಕೈಯನ್ನು ತರಬೇತುಗೊಳಿಸುವುದು ಮನಸ್ಸನ್ನು ಬೆಳೆಸುವ ದಾರಿ. ಆದ್ದರಿಂದ ಕೈಕೆಲಸವನ್ನು ಕಲಿಸಬೇಕಾದವರು ಉಳಿದ ಪಾಠಗಳನ್ನು ಕಲಿಸುವ ಶಿಕ್ಷಕರೇ.

ನೇಸ್‌ನಲ್ಲಿ ಐದು ವರ್ಷ ಕಸುಬಿನ ಶಾಲೆ ನಡೆಸಿದ್ದ ಸಾಲೊಮನ್ ಅವರಿಗೆ ಈ ಮಾತನ್ನು ಒಪ್ಪುವುದೆಂದರೆ ತಾವು ಕಟ್ಟಿದ್ದನ್ನು ತಾವೇ ಬಿಚ್ಚುವುದು. ಅವರು ಅದಕ್ಕೆ ಸಿದ್ಧರಾದರು. 1878ರಿಂದ ಶಾಲಾ ಶಿಕ್ಷಕರಿಗಾಗಿ ಕೆಲವು ವಾರಗಳ ಕಿರು ತರಬೇತಿ ಆರಂಭವಾಯಿತು. ಕುಶಲಕರ್ಮಿಗಳಿಗೆ ಇದ್ದ ದೀರ್ಘಾವಧಿಯ ತರಬೇತಿ ಕೆಲವು ವರ್ಷಗಳಲ್ಲಿ ನಿಂತಿತು. ಮಕ್ಕಳ ಕಸುಬಿನ ಶಾಲೆಯೂ ಮುಂದೆ ಮುಚ್ಚಿತು. ನೇಸ್ ಪೂರ್ಣವಾಗಿ ಶಿಕ್ಷಕರ ತರಬೇತಿ ಕೇಂದ್ರವಾಯಿತು.

ಮಾವನ ಹಣ, ಅಳಿಯನ ಚಿಂತನೆ ಎರಡೂ ಸೇರಿ ಈ ಕೇಂದ್ರ ನಡೆಯಿತು. ಬೋಧನೆಗೆ ಶುಲ್ಕವಿರಲಿಲ್ಲ.

ಉದ್ದೇಶಗಳ ಪಟ್ಟಿ

ಸಾಲೊಮನ್ ಕೈಕೆಲಸದ ಉದ್ದೇಶಗಳನ್ನು ಬರೆದಿಟ್ಟ ಕ್ರಮವನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಕೆಲಸದಲ್ಲಿ ಅಭಿರುಚಿ ಮತ್ತು ಪ್ರೀತಿ ಹುಟ್ಟಿಸುವುದು, ಒರಟಾದ, ಪ್ರಾಮಾಣಿಕವಾದ ಮೈಮುರಿ ದುಡಿಮೆಯ ಬಗ್ಗೆ ಗೌರವ ಮೂಡಿಸುವುದು, ಸ್ವಾವಲಂಬನೆ ಬೆಳೆಸುವುದು, ಅಚ್ಚುಕಟ್ಟು, ನಿಖರತೆ, ಶುಚಿತ್ವಗಳನ್ನು ರೂಢಿಸುವುದು, ಕಣ್ಣಿಗೆ ಆಕಾರವನ್ನು ಗುರುತಿಸುವ ಶಕ್ತಿ ಕೊಡುವುದು, ಗಮನ, ಶ್ರದ್ಧೆ, ತಾಳ್ಮೆಗಳನ್ನು ಬಲಪಡಿಸುವುದು, ದೇಹಕ್ಕೆ ವ್ಯಾಯಾಮ ಒದಗಿಸುವುದು, ಕೈಗೆ ಕುಶಲತೆ ಬರಿಸುವುದು. ಇವುಗಳಲ್ಲಿ ಕುಶಲತೆ ಒಂದು ಅಂಶ ಮಾತ್ರ. ಮಾರಾಟಕ್ಕೆ ಬರುವ ವಸ್ತು ಪಟ್ಟಿಯಲ್ಲೇ ಇಲ್ಲ.

ದುಡಿಮೆಯ ಗೌರವವನ್ನು ಹೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಡವರ ಮಕ್ಕಳು ಮಾತ್ರ ಅಲ್ಲ. ಕಸುಬಿನ ಶಾಲೆಗೆ ಬರುವವರು ಬಡವರ ಮಕ್ಕಳೇ. ಅದೇ ಕೈಕೆಲಸ ಸಾಮಾನ್ಯ ಶಿಕ್ಷಣದ ಭಾಗವಾದರೆ ವ್ಯಾಪಾರಿಯ ಮಗನೂ ಪಾದ್ರಿಯ ಮಗನೂ ಚಾಕು ಹಿಡಿದು ಮರ ಕೆತ್ತಬೇಕಾಗುತ್ತದೆ. ಕೈಯಿಂದ ದುಡಿಯುವವರನ್ನು ಕೀಳಾಗಿ ಕಾಣುವ ಅಭ್ಯಾಸ, ಒಂದು ಒಳ್ಳೆಯ ಕೊಡಲಿ ಕಾವು ಮಾಡುವುದು ಎಷ್ಟು ಕಷ್ಟವೆಂದು ಸ್ವತಃ ತಿಳಿದವನಲ್ಲಿ ಉಳಿಯುವುದು ಕಷ್ಟ. ಸಾಲೊಮನ್ ಪದ್ಧತಿಯ ಸಾಮಾಜಿಕ ಬೆಲೆ ಇರುವುದು ಇಲ್ಲಿ.

ಮಾದರಿಗಳ ಸರಣಿ

ಉದ್ದೇಶ ಎಷ್ಟೇ ದೊಡ್ಡದಾದರೂ ತರಗತಿಯಲ್ಲಿ ಶಿಕ್ಷಕನಿಗೆ ಬೇಕಾಗುವುದು ಇಂದು ಏನು ಮಾಡಿಸಲಿ ಎಂಬುದಕ್ಕೆ ಉತ್ತರ. ಸಾಲೊಮನ್ ಮತ್ತು ನೇಸ್‌ನ ಪ್ರಾಯೋಗಿಕ ಬೋಧಕರು ಸೇರಿ ಇದಕ್ಕಾಗಿ ಮಾದರಿಗಳ ಸರಣಿಯನ್ನು ರೂಪಿಸಿದರು. ಮರಗೆಲಸವನ್ನು ಮೊದಲು 88 ಅಭ್ಯಾಸಗಳಾಗಿ ಬಿಡಿಸಲಾಯಿತು: ಮರದ ಎಳೆಯ ಉದ್ದಕ್ಕೆ ಚಾಕುವಿನಿಂದ ಕೊಯ್ಯುವುದು, ಎಳೆಗೆ ಅಡ್ಡವಾಗಿ ಕೊಯ್ಯುವುದು, ಗರಗಸದಿಂದ ಸೀಳುವುದು, ಹತ್ತರಿ ಹಿಡಿದು ಮೈ ಸಮ ಮಾಡುವುದು, ಉಳಿಯಿಂದ ಒಳಗುಳಿ ತೋಡುವುದು, ಹಲಗೆಗಳನ್ನು ಕೂಡಿಸುವುದು ಹೀಗೆ. ಆ ಮೇಲೆ ಈ ಅಭ್ಯಾಸಗಳನ್ನು ಒಂದೊಂದಾಗಿ, ಸುಲಭದಿಂದ ಕಠಿಣಕ್ಕೆ, ಐವತ್ತು ವಸ್ತುಗಳೊಳಗೆ ಹಂಚಲಾಯಿತು.

ಸರಣಿ ಆರಂಭವಾಗುವುದು ಓದುವಾಗ ಅಕ್ಷರ ತೋರಿಸುವ ಒಂದು ಸಣ್ಣ ಕಡ್ಡಿಯಿಂದ. ಅದಕ್ಕೆ ಬೇಕಾದ ಮುಖ್ಯ ಉಪಕರಣ ಚಾಕು. ಅನಂತರ ಹೂಗಿಡಕ್ಕೆ ಆಸರೆಯ ಕೋಲು, ದಾರ ಸುತ್ತುವ ಪಟ್ಟಿ, ಅಳತೆಕೋಲು, ಸುತ್ತಿಗೆಯ ಹಿಡಿ, ಚಮಚ, ಕೊಡಲಿ ಕಾವು, ಪೆಟ್ಟಿಗೆ, ಮೂಲೆಮಟ್ಟ, ಹಾಲು ಕರೆಯುವಾಗ ಕೂರುವ ಮಣೆ ಮೊದಲಾದವು ಬರುತ್ತವೆ. ಕೊನೆಯದು ಒಂದು ಮೇಜು. ಪ್ರತಿಯೊಂದು ವಸ್ತುವಿನಲ್ಲೂ ಹಿಂದೆ ಕಲಿತ ಅಭ್ಯಾಸಗಳು ಮರುಕಳಿಸುತ್ತವೆ, ಒಂದೆರಡು ಹೊಸದಾಗಿ ಸೇರುತ್ತವೆ. ನಾವು ಪಾಠಯೋಜನೆಯಲ್ಲಿ ಪೂರ್ವಜ್ಞಾನ ಮತ್ತು ಹೊಸ ಕಲಿಕಾಂಶ ಎಂದು ಬರೆಯುವ ಎರಡು ಅಂಕಣಗಳು ಇಲ್ಲಿ ಮರದಲ್ಲಿ ಕಾಣಿಸುತ್ತವೆ.

ವಸ್ತುಗಳ ಆಯ್ಕೆಗೂ ನಿಯಮಗಳಿದ್ದವು. ವಸ್ತು ಮಗುವಿನ ಮನೆಯಲ್ಲಿ ಬಳಕೆಗೆ ಬರಬೇಕು. ಬರಿಯ ಅಲಂಕಾರದ ಸಾಮಾನು ಬೇಡ. ಆರಂಭದಿಂದ ಕೊನೆಯವರೆಗೆ ಮಗುವೇ ಮಾಡಿ ಮುಗಿಸುವಂತಿರಬೇಕು. ಮರ ಹೆಚ್ಚು ಖರ್ಚಾಗಬಾರದು. ಮಾಡಿದ ವಸ್ತು ಮಾಡಿದ ಮಗುವಿಗೇ ಸೇರಬೇಕು. ಸರಳರೇಖೆಯ ವಸ್ತುಗಳ ಜೊತೆಗೆ ಬಾಗಿದ ಮೈಯಿರುವ ವಸ್ತುಗಳೂ ಇರಬೇಕು. ಈ ಕೊನೆಯ ನಿಯಮದ ಹಿಂದೆ ಒಳ್ಳೆಯ ಕಾರಣವಿದೆ. ಪೆಟ್ಟಿಗೆಯ ಮೂಲೆ ಸರಿಯಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಬಹುದು. ಚಮಚದ ಬಾಗು ಅಥವಾ ಕೊಡಲಿ ಕಾವಿನ ಉಬ್ಬು ಸರಿಯಿದೆಯೇ ಎಂದು ನೋಡಲು ಅಂಥ ಸಲಕರಣೆ ಇಲ್ಲ. ಕಣ್ಣಿನಿಂದ ನೋಡಿ, ಅಂಗೈಯಿಂದ ಸವರಿ, ಎಲ್ಲಿ ಇನ್ನೂ ಸ್ವಲ್ಪ ಹೆರೆಯಬೇಕು ಎಂದು ಮಗುವೇ ತೀರ್ಮಾನಿಸಬೇಕು. ಇಂದು ನಾವು ವಿನ್ಯಾಸದ ವಿವೇಚನೆ ಎನ್ನುವುದರ ಬೀಜ ಈ ಚಮಚದಲ್ಲಿದೆ.

ಮೊದಲು ಚಾಕು ಕೊಡುವುದನ್ನು ಹಲವರು ಟೀಕಿಸಿದರು. ಬಡಗಿಯ ಕೆಲಸ ಶುರುವಾಗುವುದು ಗರಗಸ ಮತ್ತು ಹತ್ತರಿಯಿಂದ ಎಂಬುದು ಅವರ ವಾದ. ಡೆನ್ಮಾರ್ಕ್‌ನ ಆಕ್ಸೆಲ್ ಮಿಕೆಲ್ಸನ್ ತಮ್ಮ ಪದ್ಧತಿಯಲ್ಲಿ ಬಡಗಿಯ ಉಪಕರಣಗಳನ್ನೇ ಮೊದಲು ಮಾಡಿ, ಇಡೀ ತರಗತಿಗೆ ಒಟ್ಟಿಗೆ ಪಾಠ ಹೇಳುವ ಕ್ರಮವನ್ನು ತಂದರು. ಸಾಲೊಮನ್ ಚಾಕುವನ್ನು ಬಿಡಲಿಲ್ಲ. ಹಳ್ಳಿಯ ಮಗುವಿಗೆ ಆಗಲೇ ಪರಿಚಯವಿರುವ ಉಪಕರಣ ಅದು. ಅದು ಕೈ ಹೇಳಿದಂತೆ ಕೇಳುತ್ತದೆ. ಕೈ ತಪ್ಪಿದರೆ ತಪ್ಪನ್ನು ಮರೆಮಾಚುವುದಿಲ್ಲ. ಹತ್ತರಿಯ ಅಡಿಪಟ್ಟಿ ಮೈಯನ್ನು ತಾನೇ ಸಮತಟ್ಟಾಗಿಸುತ್ತದೆ. ಚಾಕು ಹಿಡಿದವನು ಆ ಸಮತಟ್ಟನ್ನು ತನ್ನ ಕೈಯಿಂದಲೇ ತರಬೇಕು.

ರಷ್ಯನ್ ಪದ್ಧತಿಯ ಎದುರು

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಪ್ರಸಿದ್ಧವಾಗಿತ್ತು. ಮಾಸ್ಕೋದ ಇಂಪೀರಿಯಲ್ ತಾಂತ್ರಿಕ ಶಾಲೆಯ ವಿಕ್ಟರ್ ಡೆಲ್ಲಾ-ವೋಸ್ 1868ರ ಸುಮಾರಿಗೆ ಕಾರ್ಯಾಗಾರದ ಕೆಲಸವನ್ನು ಅಭ್ಯಾಸಗಳಾಗಿ ಬಿಡಿಸಿ, ಒಂದು ಗುಂಪಿಗೆ ಒಟ್ಟಿಗೆ ಕಲಿಸುವ ಕ್ರಮವನ್ನು ರೂಪಿಸಿದ್ದರು. ಅಲ್ಲಿ ವಿದ್ಯಾರ್ಥಿ ಕೂಡುಜೋಡಣೆಯನ್ನು ಕಲಿಯಲು ಎರಡು ಮರದ ತುಂಡುಗಳನ್ನು ಕೂಡಿಸುತ್ತಾನೆ. ಆ ಜೋಡಣೆ ಯಾವ ವಸ್ತುವಿನ ಭಾಗವೂ ಅಲ್ಲ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಈ ಪದ್ಧತಿಯನ್ನು ಕಂಡ ಅಮೆರಿಕನ್ನರು ಮೆಚ್ಚಿದರು. ಕ್ಯಾಲ್ವಿನ್ ವುಡ್‌ವರ್ಡ್ ಸೇಂಟ್ ಲೂಯಿಸ್ ನಗರದಲ್ಲಿ ಕೈಕೆಲಸದ ಪ್ರೌಢಶಾಲೆಯನ್ನು ತೆರೆದರು.

ಎಂಜಿನಿಯರ್ ಆಗಲಿರುವ ಯುವಕನಿಗೆ ರಷ್ಯನ್ ಕ್ರಮ ಸರಿಯಾದೀತು. ಆತನಿಗೆ ಗುರಿ ಗೊತ್ತಿದೆ. ಅಭ್ಯಾಸದ ಬೇಸರವನ್ನು ಸಹಿಸುತ್ತಾನೆ. ಹನ್ನೊಂದು ಹನ್ನೆರಡರ ಮಗುವಿಗೆ ಬರಿಯ ಜೋಡಣೆ ಅರ್ಥವಿಲ್ಲದ ಕೆಲಸ. ಅದು ಮುಗಿದ ಮೇಲೆ ಹೋಗುವುದು ಒಲೆಗೆ. ಮಗು ತಾಳ್ಮೆಯಿಂದ ಹೆರೆಯುವುದು ತನ್ನ ಅಮ್ಮ ಬಳಸುವ ಸೌಟನ್ನು. ಅಳತೆಯಲ್ಲಿ ಎಚ್ಚರ ವಹಿಸುವುದು ತಾನೇ ಬಳಸುವ ಅಳತೆಕೋಲಿನಲ್ಲಿ. ಹಾಗೆಂದು ಅಭ್ಯಾಸಗಳ ವಿಂಗಡಣೆಯನ್ನು ಸಾಲೊಮನ್ ಕೈಬಿಡಲಿಲ್ಲ. ಆ ವಿಂಗಡಣೆ ಶಿಕ್ಷಕನ ಟಿಪ್ಪಣಿಯಲ್ಲಿರಲಿ, ಮಗುವಿನ ಕೈಯಲ್ಲಿ ವಸ್ತುವಿರಲಿ ಎಂಬುದು ಅವರ ಕ್ರಮ. 1888ರಲ್ಲಿ ಗುಸ್ತಾಫ್ ಲಾರ್ಸನ್ ಬಾಸ್ಟನ್ ನಗರಕ್ಕೆ ಸ್ಲಾಯ್ಡ್ ಪದ್ಧತಿಯನ್ನು ಕೊಂಡೊಯ್ದ ಮೇಲೆ ಅಮೆರಿಕದಲ್ಲಿ ಎರಡು ಪದ್ಧತಿಗಳೂ ಎದುರುಬದುರಾಗಿ ನಿಂತವು.

ಶಿಕ್ಷಕರ ಮುಂದಿಟ್ಟ ಬೇಡಿಕೆ

ನೇಸ್‌ನ ತರಬೇತಿ ಸುಮಾರು ಆರು ವಾರಗಳದ್ದು. ಮುಂಜಾನೆಯಿಂದ ಸಂಜೆಯವರೆಗೆ ಶಿಕ್ಷಕರು ಮರಗೆಲಸದ ಬೆಂಚಿನ ಮುಂದೆ ನಿಂತು, ಮಕ್ಕಳಿಗೆ ಕಲಿಸಬೇಕಾದ ಮಾದರಿಗಳನ್ನು ಒಂದೊಂದಾಗಿ ತಾವೇ ಮಾಡಬೇಕಿತ್ತು. ಒಂದು ಸರಿಯಾಗಿ ಮುಗಿದ ಮೇಲೆ ಇನ್ನೊಂದು. ನಡುವೆ ಸಾಲೊಮನ್ ಅವರ ಉಪನ್ಯಾಸಗಳು, ಅವುಗಳ ಮೇಲೆ ಚರ್ಚೆ. ಬಂದವರ ಅನುಕೂಲಕ್ಕೆ ಅದೇ ಉಪನ್ಯಾಸವನ್ನು ಅವರು ಸ್ವೀಡಿಷ್, ಜರ್ಮನ್, ಇಂಗ್ಲಿಷ್ ಭಾಷೆಗಳಲ್ಲಿ ಮಾಡುತ್ತಿದ್ದರು. ಕೊಮೆನಿಯಸ್, ರೂಸೋ, ಪೆಸ್ಟಲೋಜಿ, ಫ್ರೋಬೆಲ್ ಮೊದಲಾದವರ ಚಿಂತನೆಯನ್ನು ಅಲ್ಲಿ ಕೈಕೆಲಸದ ಜೊತೆ ಹೊಂದಿಸಿ ವಿವರಿಸುತ್ತಿದ್ದರು. ಸಂಜೆ ಹಾಡು, ಆಟ, ವ್ಯಾಯಾಮ. ಗಂಡಸರು ಹೆಂಗಸರು, ಹಳ್ಳಿಯ ಶಾಲೆಯ ಮೇಷ್ಟರು, ಶಾಲಾ ತನಿಖಾಧಿಕಾರಿಗಳು, ಕಾಲೇಜಿನ ಅಧ್ಯಾಪಕರು ಎಲ್ಲರೂ ಒಂದೇ ಸಾಲಿನ ಬೆಂಚುಗಳಲ್ಲಿ ಕೆಲಸ ಮಾಡಿದರು.

ಅಕ್ಷರ ಪಾಠದಲ್ಲಿ ಪಳಗಿದ ಶಿಕ್ಷಕರಿಗೆ ಇದು ಸುಲಭವಿರಲಿಲ್ಲ. ವ್ಯಾಕರಣವನ್ನೋ ಭೂಗೋಳವನ್ನೋ ಹತ್ತಾರು ವರ್ಷ ಕಲಿಸಿದವರು ಒಂದು ಕಡ್ಡಿಯನ್ನು ಸಮನಾಗಿ ಹೆರೆಯಲಾರದೆ ಪೇಚಾಡುವುದು ಅಲ್ಲಿ ಸಾಮಾನ್ಯ. ಆ ಪೇಚಾಟವೂ ತರಬೇತಿಯ ಭಾಗವೇ. ಕಲಿಯುವವನ ಸ್ಥಾನದಲ್ಲಿ ನಿಂತು ಎಲ್ಲಿ ಕೈ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂದು ತಿಳಿದ ಶಿಕ್ಷಕ ಮಾತ್ರ ಮಗುವಿನ ತಪ್ಪನ್ನು ಓದಬಲ್ಲ.

ಇದರ ಜೊತೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಮಗು ಮಾಡುತ್ತಿರುವ ವಸ್ತುವಿಗೆ ಶಿಕ್ಷಕ ಕೈ ಹಚ್ಚಬಾರದು. ತೋರಿಸಬೇಕಾದರೆ ಬೇರೆ ತುಂಡಿನ ಮೇಲೆ ತೋರಿಸಬೇಕು. ಮಗುವಿನ ಕೆಲಸದ ಮೇಲೆ ಶಿಕ್ಷಕನ ಒಂದು ಗೀಟು ಬಿದ್ದರೂ ಆ ವಸ್ತು ಪೂರ್ತಿಯಾಗಿ ಮಗುವಿನದಾಗಿ ಉಳಿಯುವುದಿಲ್ಲ, ಸ್ವಾವಲಂಬನೆ ಎಂಬ ಉದ್ದೇಶವೂ ಅಲ್ಲಿಗೆ ಮುಗಿಯಿತು. ಈ ನಿಯಮ ಪಾಲಿಸಲು ಶಿಕ್ಷಕನಿಗೆ ಬೇಕಾದ ತಾಳ್ಮೆ ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚು. ಅವಧಿ ಮುಗಿಯಲು ಐದು ನಿಮಿಷವಿದೆ, ವಸ್ತು ಸೊಟ್ಟಗಿದೆ, ಮೇಲ್ವಿಚಾರಕರು ಬಾಗಿಲಲ್ಲಿ ನಿಂತಿದ್ದಾರೆ ಎಂಬ ಸ್ಥಿತಿಯಲ್ಲಿ ಉಳಿಯನ್ನು ಮಗುವಿನ ಕೈಯಲ್ಲೇ ಬಿಡುವುದು ಎಷ್ಟು ಕಷ್ಟವೆಂದು ಅಭ್ಯಾಸ ಪಾಠ ಮಾಡಿದ ಎಲ್ಲರಿಗೂ ಗೊತ್ತು.

ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯಬೇಕೆಂಬುದರಿಂದ ಬೋಧನೆ ವೈಯಕ್ತಿಕವಾಗಿರಬೇಕೆಂದು ಸಾಲೊಮನ್ ಹೇಳಿದರು. ನಿಲ್ಲುವ ಭಂಗಿಗೂ ಅವರು ಗಮನ ಕೊಟ್ಟರು. ಗರಗಸ ಹಿಡಿದಾಗ, ಹತ್ತರಿ ತಳ್ಳುವಾಗ ಬೆನ್ನು, ಕಾಲು, ಎದೆ ಹೇಗಿರಬೇಕೆಂದು ಚಿತ್ರಗಳಲ್ಲಿ ತೋರಿಸಿ, ಎರಡೂ ಕೈಗಳಿಗೆ ಕೆಲಸ ಸಿಗುವಂತೆ ಅಭ್ಯಾಸ ಮಾಡಿಸಿದರು. ಈ ಎಲ್ಲವನ್ನೂ ಸೇರಿಸಿದ ಅವರ ಕೈಪಿಡಿ 1890ರ ಸುಮಾರಿಗೆ ಪ್ರಕಟವಾಗಿ, ಮರುವರ್ಷವೇ ಇಂಗ್ಲಿಷಿಗೆ ಬಂದಿತು.

ಹರಡುವಿಕೆ ಮತ್ತು ಮಿತಿ

ಸಾಲೊಮನ್ ಬದುಕಿದ್ದಾಗಲೇ ಸಾವಿರಾರು ಶಿಕ್ಷಕರು ನೇಸ್‌ನಲ್ಲಿ ತರಬೇತಿ ಪಡೆದರು. ಸ್ವೀಡನ್ನಿನವರ ಜೊತೆಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಜರ್ಮನಿ, ಅಮೆರಿಕ ಮೊದಲಾದ ದೇಶಗಳಿಂದ ಬಂದವರೂ ಇದ್ದರು. 1898ರಲ್ಲಿ ಅಬ್ರಹಾಮ್‌ಸನ್ ತೀರಿಕೊಂಡಾಗ ಎಸ್ಟೇಟು ಅವರ ಇಚ್ಛೆಯಂತೆ ಸರ್ಕಾರಕ್ಕೆ ಸೇರಿತು, ತರಬೇತಿ ನಿಲ್ಲಲಿಲ್ಲ. ಸಾಲೊಮನ್ 1907ರ ನವೆಂಬರ್ 3ರಂದು, ತಮ್ಮ ಐವತ್ತೆಂಟನೆಯ ಹುಟ್ಟುಹಬ್ಬದ ಎರಡು ದಿನಗಳ ನಂತರ ಕಾಲವಾದರು. ಸ್ವೀಡನ್ನಿನ ಶಾಲೆಗಳಲ್ಲಿ ಸ್ಲಾಯ್ಡ್ ಇಂದಿಗೂ ಎಲ್ಲ ಮಕ್ಕಳಿಗೂ ಕಡ್ಡಾಯ ವಿಷಯ.

ಪದ್ಧತಿಗೆ ಮಿತಿಗಳೂ ಇದ್ದವು. ಮಾದರಿಗಳನ್ನು ಆಯಾ ದೇಶದ ಮನೆಬಳಕೆಗೆ ತಕ್ಕಂತೆ ಬದಲಿಸಿಕೊಳ್ಳಬೇಕೆಂದು ಸಾಲೊಮನ್ ಹೇಳಿದ್ದರೂ ಅನುಯಾಯಿಗಳಲ್ಲಿ ಹಲವರು ನೇಸ್‌ನ ಪಟ್ಟಿಯನ್ನೇ ನಕಲು ಮಾಡಿದರು. ದೊಡ್ಡ ತರಗತಿಗಳಲ್ಲಿ ವೈಯಕ್ತಿಕ ಬೋಧನೆ ಸಾಧ್ಯವಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಕೊರತೆ, ಏನು ಮಾಡಬೇಕೆಂಬುದನ್ನು ಮಗು ಆರಿಸಿಕೊಳ್ಳುವಂತಿರಲಿಲ್ಲ. ವಸ್ತು ಮೊದಲೇ ನಿಗದಿಯಾಗಿತ್ತು. ಮಗುವಿನ ಪಾಲಿಗೆ ಬಂದದ್ದು ಅದನ್ನು ನಿಖರವಾಗಿ ಮಾಡುವುದು. ಜಾನ್ ಡೂಯಿ ಅವರಂಥ ಚಿಂತಕರು ಮಗುವಿನ ಸ್ವಂತ ಸಮಸ್ಯೆಯಿಂದ ಕಲಿಕೆ ಆರಂಭವಾಗಬೇಕೆಂದು ವಾದಿಸಿದಂತೆ ಈ ಕೊರತೆ ಎದ್ದು ಕಂಡಿತು. ಇಂಗ್ಲೆಂಡಿನಲ್ಲಿ ಹಳೆಯ ಕೈಕೆಲಸದ ಪಾಠಗಳು ಬದಲಾಗುತ್ತ ಬಂದು, 1990ರಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಪಠ್ಯಕ್ರಮದ ಭಾಗವಾದಾಗ, ಅಗತ್ಯವನ್ನು ಗುರುತಿಸುವುದು, ಪರಿಹಾರವನ್ನು ಚಿತ್ರಿಸುವುದು, ಮಾಡುವುದು, ಮಾಡಿದ್ದನ್ನು ಪರಿಶೀಲಿಸುವುದು ಈ ನಾಲ್ಕೂ ಮಗುವಿನ ಕೆಲಸಗಳಾದವು. ಸಾಲೊಮನ್ ಮೂರನೆಯದನ್ನು ಪೂರ್ತಿಯಾಗಿ, ನಾಲ್ಕನೆಯದನ್ನು ಬಹುಮಟ್ಟಿಗೆ ಮಗುವಿಗೆ ಕೊಟ್ಟಿದ್ದರು. ಮೊದಲ ಎರಡು ಶಿಕ್ಷಕನ ಬಳಿಯೇ ಉಳಿದಿದ್ದವು.

ಭಾರತದಲ್ಲಿ ಶಾಂತಿನಿಕೇತನದ ಲಕ್ಷ್ಮೀಶ್ವರ ಸಿನ್ಹಾ ನೇಸ್‌ಗೆ ಹೋಗಿ ಸ್ಲಾಯ್ಡ್ ಕಲಿತು ಬಂದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣವೂ ಕೈಕೆಲಸವನ್ನು ಕೇಂದ್ರದಲ್ಲಿರಿಸಿತು. ಆದರೆ ಎರಡೂ ಒಂದೇ ಅಲ್ಲ. ಮಕ್ಕಳು ಮಾಡಿದ ವಸ್ತುವಿನ ಗಳಿಕೆಯಿಂದ ಶಾಲೆಯ ಖರ್ಚು ನಡೆಯಬೇಕೆಂಬುದು ವಾರ್ಧಾ ಯೋಜನೆಯ ಆಶಯ. ವಸ್ತುವನ್ನು ಗಳಿಕೆಯ ಲೆಕ್ಕದಿಂದ ಹೊರಗಿಡಬೇಕೆಂಬುದು ನೇಸ್ ಕಲಿತ ಪಾಠ. ಕೊಠಾರಿ ಆಯೋಗ 1966ರಲ್ಲಿ ಕಾರ್ಯಾನುಭವವನ್ನು ಶಿಫಾರಸು ಮಾಡಿದಾಗ, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರನ್ನು ತಂದಾಗ, ಈ ಎರಡು ಆಶಯಗಳ ನಡುವಿನ ತಿಕ್ಕಾಟವೂ ಜೊತೆಯಲ್ಲೇ ನಮ್ಮ ಶಾಲೆಗಳಿಗೆ ಬಂದಿತು. ವರ್ಷದ ಕೊನೆಯಲ್ಲಿ ಪ್ರದರ್ಶನಕ್ಕಿಡಲು ಪೇಟೆಯಿಂದ ತಂದ ಅಥವಾ ಮನೆಯ ಹಿರಿಯರು ಮಾಡಿಕೊಟ್ಟ ವಸ್ತುಗಳು ಮೇಜಿನ ಮೇಲೆ ಸಾಲಾಗಿ ನಿಲ್ಲುವುದು ಈ ತಿಕ್ಕಾಟ ಬಗೆಹರಿಯದೆ ಉಳಿದಿರುವುದರ ಗುರುತು.

ಬೋಧನಾಭ್ಯಾಸಕ್ಕೆ

ಕಾರ್ಯಾನುಭವದ ಅಥವಾ ವೃತ್ತಿ ಪರಿಚಯದ ಪಾಠ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿ ಸಾಲೊಮನ್ ಅವರಿಂದ ಪಡೆಯಬಹುದಾದದ್ದು ಕೆಲವೇ ಅಂಶಗಳು, ಅವು ಖರ್ಚಿಲ್ಲದವು. ನೇಸ್‌ನ ವಸ್ತುಗಳು ನಮಗೆ ಬೇಕಾಗಿಲ್ಲ. ಬಿದಿರು, ತೆಂಗಿನ ಗರಿ, ಅಡಿಕೆ ಹಾಳೆ, ರಟ್ಟು, ಬಟ್ಟೆ, ತಂತಿ ಯಾವುದಾದರೂ ಸರಿ. ಆರಿಸಿದ ವಸ್ತು ಮಗುವಿನ ಮನೆಯಲ್ಲಿ ಬಳಕೆಯಾಗುವುದೇ, ಕೊಟ್ಟ ಅವಧಿಗಳಲ್ಲಿ ಮಗುವೇ ಅದನ್ನು ಮುಗಿಸಬಲ್ಲದೇ ಎಂದು ಮೊದಲು ನೋಡಬೇಕು. ಅದರಲ್ಲಿರುವ ಕೆಲಸಗಳನ್ನು ಬಿಡಿಸಿ ಬರೆದು, ಮಕ್ಕಳಿಗೆ ಯಾವುದು ಹೊಸದು ಎಂದು ಗುರುತು ಹಾಕಬೇಕು. ಹೊಸದು ಮೂರು ನಾಲ್ಕಕ್ಕಿಂತ ಹೆಚ್ಚಿದ್ದರೆ ಆ ವಸ್ತುವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು. ಸಾಲೊಮನ್ ಮಗುವಿಗೆ ಬಿಟ್ಟುಕೊಡದ ಭಾಗವನ್ನು, ಅಂದರೆ ಅಳತೆ, ಆಕಾರ, ಬಳಕೆಯ ಕುರಿತ ತೀರ್ಮಾನವನ್ನು, ನಾವು ಬಿಟ್ಟುಕೊಡಬಹುದು: ಪೆನ್ನು ಇಡುವ ಡಬ್ಬಿ ಎಷ್ಟು ಎತ್ತರವಿರಬೇಕು ಎಂದು ಮಕ್ಕಳೇ ತಮ್ಮ ಪೆನ್ನುಗಳನ್ನು ಅಳೆದು ನಿರ್ಧರಿಸಲಿ.

ಪಾಠ ವೀಕ್ಷಿಸುವ ಮೇಲ್ವಿಚಾರಕರು ಸಿದ್ಧವಾದ ವಸ್ತುಗಳ ಅಂದವನ್ನು ಮಾತ್ರ ನೋಡಿ ಅಂಕ ಕೊಟ್ಟರೆ ಪ್ರಶಿಕ್ಷಣಾರ್ಥಿ ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವುದು ಖಂಡಿತ. ಆದ್ದರಿಂದ ವೀಕ್ಷಣಾ ಪಟ್ಟಿಯಲ್ಲಿ ಒಂದು ಸಾಲು ಸೇರಬೇಕು: ಪಾಠದ ಅವಧಿಯಲ್ಲಿ ಶಿಕ್ಷಕರು ಮಕ್ಕಳ ವಸ್ತುವನ್ನು ಎಷ್ಟು ಸಲ ತಾವೇ ಸರಿಪಡಿಸಿದರು? ಮತ್ತು ಪಾಠಯೋಜನೆಯನ್ನು ಸಹಿಗೆ ತರುವ ದಿನ ಪ್ರಶಿಕ್ಷಣಾರ್ಥಿ ತಾನು ಮಾಡಿಸಲಿರುವ ವಸ್ತುವನ್ನು ಸ್ವತಃ ಮಾಡಿ, ಮೊದಲ ಸಲ ಕೆಟ್ಟದ್ದನ್ನೂ ಎರಡನೆಯ ಸಲ ಸರಿಬಂದದ್ದನ್ನೂ ಜೊತೆಗೆ ತರಬೇಕು. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಆ ಕೆಟ್ಟ ವಸ್ತುವಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.